ನಾಲಗೆಯ ನಾಚಿಕೆ

ಓದುಬರಹ ಬಲ್ಲವರಿಲ್ಲದ ಮನೆಯಿಂದ ಬಂದು ಬಿ.ಎ. ತರಗತಿಯಲ್ಲಿ ಕುಳಿತ ನನ್ನಂಥವನಿಗೆ ಇಂಗ್ಲಿಷ್ ವ್ಯಾಕರಣಕ್ಕಿಂತ ಅದರ ಉಚ್ಚಾರಣೆಯ ಭಯವೇ ದೊಡ್ಡದು. ಮೊದಲ ವರ್ಷದಲ್ಲಿ ಪಾಠ ಓದಲು ಎದ್ದು ನಿಂತಾಗ ‘ಸ್ಕೂಲ್’ ಎಂಬುದನ್ನು ‘ಇಸ್ಕೂಲು’ ಎಂದುಬಿಟ್ಟೆ. ಹಿಂದಿನ ಬೆಂಚುಗಳಿಂದ ನಗೆ ಕೇಳಿಸಿತು. ಅಂದಿನಿಂದ ಒಂದು ವರ್ಷ ನಾನು ಬಾಯಿ ತೆರೆಯಲಿಲ್ಲ.

ಕಳೆದ ರಜೆಯಲ್ಲಿ ಹಂಪಿಯಲ್ಲಿರುವ ಸೋದರಮಾವನ ಎಳನೀರಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸ್ಪೇನ್ ದೇಶದ ಪ್ರವಾಸಿಯೊಬ್ಬರು ಬಂದು ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ದಾರಿ ಕೇಳಿದರು. ಅವರು ‘ಸ್ಟೋನ್’ ಎನ್ನಲಿಲ್ಲ, ‘ಎಸ್ಟೋನ್’ ಎಂದರು. ನನಗೆ ತಿಳಿಯದಿದ್ದಾಗ ನಾಚದೆ ಮೂರು ಬಾರಿ ಹೇಳಿ, ಕೈಯಿಂದ ಚಕ್ರ ತಿರುಗಿಸಿ ತೋರಿಸಿದರು. ನನ್ನ ‘ಇಸ್ಕೂಲು’ ನೆನಪಾಗಿ ಬೆರಗಾದೆ.

ವಿಚಾರಿಸಿ ನೋಡಿದರೆ ಇದು ದಡ್ಡತನವಲ್ಲ, ತಾಯ್ನುಡಿಯ ನಿಯಮ. ಸ್ಪ್ಯಾನಿಷ್ ನುಡಿಯ ಪದಗಳು ‘ಸ್ಕ’, ‘ಸ್ಟ’ಗಳಿಂದ ಆರಂಭವಾಗುವುದಿಲ್ಲ, ಶಾಲೆಗೆ ಅವರು ‘ಎಸ್ಕ್ವೇಲಾ’ ಎನ್ನುತ್ತಾರೆ. ಅಚ್ಚಗನ್ನಡ ಪದಗಳೂ ಸಾಮಾನ್ಯವಾಗಿ ಒತ್ತಕ್ಷರದಿಂದ ಮೊದಲಾಗುವುದಿಲ್ಲ. ಅಲ್ಲದೆ ಕೊನೆಯಲ್ಲಿ ಸ್ವರ ಬೇಡುವುದು ನಮ್ಮ ನುಡಿಯ ಸ್ವಭಾವ. ಆದ್ದರಿಂದಲೇ ಬಸ್ ‘ಬಸ್ಸು’ ಆಯಿತು, ಕಾರ್ ‘ಕಾರು’ ಆಯಿತು. ಸ್ಪ್ಯಾನಿಷಿನವರಿಗೆ ‘ಬಿ’ ಮತ್ತು ‘ವಿ’ ಎರಡೂ ಒಂದೇ ದನಿ. ನಮಗೆ ‘ವಿ’ ಮತ್ತು ‘ಡಬ್ಲ್ಯು’ ಎರಡಕ್ಕೂ ಒಂದೇ ‘ವ’ಕಾರ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ನಮ್ಮ ವಿಜಯನಗರವನ್ನು ‘ಬಿಸ್ನಗ’ ಎಂದು ಬರೆದನು. ಅವನ ಬರಹವನ್ನು ರಾಬರ್ಟ್ ಸ್ಯೂವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಇಂದಿಗೂ ಇತಿಹಾಸಕಾರರು ಅದನ್ನು ಗೌರವದಿಂದ ಓದುತ್ತಾರೆ. ‘ಬಿಸ್ನಗ’ ಎಂದನೆಂದು ಯಾರೂ ಅವನನ್ನು ತಳ್ಳಿಹಾಕಲಿಲ್ಲ.

ಹಾಗೆಂದು ತಪ್ಪನ್ನು ತಿದ್ದಿಕೊಳ್ಳಬಾರದೆಂದಲ್ಲ. ನಾವು ಬರೆದಂತೆಯೇ ಓದುವವರು, ಇಂಗ್ಲಿಷ್ ಹಾಗಲ್ಲ. ‘ನೈಫ್’ ಎಂಬಲ್ಲಿ ಮೊದಲ ಅಕ್ಷರ ಮೌನ, ‘ಡೆಟ್’ ಎಂಬಲ್ಲಿ ‘ಬಿ’ ಮೌನ. ಭೂತಕಾಲದ ‘ಇ.ಡಿ.’ ಪ್ರತ್ಯಯವು ‘ವಾಕ್ಟ್’ ಎಂಬಲ್ಲಿ ಟಕಾರ, ‘ಪ್ಲೇಡ್’ ಎಂಬಲ್ಲಿ ಡಕಾರ, ‘ವಾಂಟೆಡ್’ ಎಂಬಲ್ಲಿ ಮಾತ್ರ ಪೂರ್ಣ ಉಚ್ಚಾರ. ‘ಫೋಟೋಗ್ರಾಫ್’ ಎಂಬಲ್ಲಿ ಒತ್ತು ಮೊದಲಿಗೆ ಬಿದ್ದರೆ ‘ಫೊಟಾಗ್ರಫಿ’ ಎಂಬಲ್ಲಿ ಅದು ‘ಟಾ’ ಮೇಲೆ ಬೀಳುತ್ತದೆ. ಇವನ್ನು ಕಣ್ಣಿನಿಂದಲ್ಲ, ಕಿವಿಯಿಂದಲೇ ಕಲಿಯಬೇಕು.

ನುಡಿಗಟ್ಟುಗಳ ಪಾಡು ಇನ್ನೂ ಸ್ವಾರಸ್ಯಕರ. ಒಂದು ದಿನ ಮಾವನ ಆಳು ಹೇಳದೆ ಕೇಳದೆ ಕೈ ಕೊಟ್ಟಿದ್ದ. ಅದನ್ನೇ ನಾನು ಆಂಗ್ಲ ಮಹಿಳೆಯೊಬ್ಬರಿಗೆ ‘ಹಿ ಗೇವ್ ಅಸ್ ಎ ಹ್ಯಾಂಡ್’ ಎಂದೆ. ಅವರು ‘ಎಷ್ಟು ಒಳ್ಳೆಯವನು!’ ಎಂದು ಮೆಚ್ಚಿದರು. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದಂತೆ! ಅವರ ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂಬುದಕ್ಕೆ ನೀಲಿ ಚಂದ್ರನನ್ನು ಹುಡುಕುವುದು ಬೇಡ. ‘ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ’ ಎಂಬ ನಮ್ಮ ಮಾತು ಹತ್ತಿರವಾಗುತ್ತದೆ. ನುಡಿಗಟ್ಟನ್ನು ಪದ ಪದವಾಗಿ ಬಿಡಿಸದೆ, ಅದು ಬಳಕೆಯಾದ ಸಂದರ್ಭದೊಡನೆ ಬರೆದಿಟ್ಟುಕೊಳ್ಳುವುದು ಲೇಸು. ನಾನೀಗ ದಿನಕ್ಕೆರಡು ಬರೆಯುತ್ತೇನೆ, ಗಟ್ಟಿಯಾಗಿ ಓದುತ್ತೇನೆ.

ಕಂಪ್ಲಿ, ಸಂಡೂರುಗಳ ಹಳ್ಳಿಗಳಿಂದ ಬರುವ ನನ್ನ ಸಹಪಾಠಿಗಳಲ್ಲಿ ಬುದ್ಧಿಗೆ ಕೊರತೆಯಿಲ್ಲ. ಆದರೆ ನಾಳೆ ಸಂದರ್ಶನದ ಕೊಠಡಿಯಲ್ಲಿ ಮೌನವನ್ನು ಅಜ್ಞಾನವೆಂದೇ ಎಣಿಸುತ್ತಾರೆ. ಆದ್ದರಿಂದ ಗೆಳೆಯರೇ, ತಪ್ಪಾದರೂ ಮಾತನಾಡೋಣ. ತಿದ್ದುವವರಿದ್ದರೆ ತಿದ್ದಿಕೊಳ್ಳೋಣ, ನಗುವವರಿದ್ದರೆ ಜೊತೆಗೂಡಿ ನಗೋಣ. ನಮ್ಮವ್ವ ಇಂದಿಗೂ ‘ಇಸ್ಕೂಲು’ ಎಂದೇ ಅನ್ನುತ್ತಾಳೆ. ಆ ಇಸ್ಕೂಲಿಗೆ ನನ್ನನ್ನು ಕಳಿಸಿದವಳು ಅವಳೇ.