ಮೀನಿನ ಬಾಯಿ ನೋಡಿ ಗಾಳ ಹಾಕಿ

ಯೂಟ್ಯೂಬಿನಲ್ಲಿ ಅಮೆರಿಕದವರು ಬಾಸ್, ಕ್ರ್ಯಾಪಿ ಹಿಡಿಯೋದನ್ನ ನೋಡಿ, ಅಂಥದ್ದೇ ಪ್ಲಾಸ್ಟಿಕ್ ಹುಳು ತರಿಸಿಕೊಂಡು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ, ಅಂದ್ರೆ ಶಾಂತಿಸಾಗರಕ್ಕೆ, ಹೊರಟರೆ ಬರಿಗೈಲಿ ಬರೋದೇ ಹೆಚ್ಚು. ಆ ಎರಡೂ ನಮ್ಮ ಕೆರೆಯ ಮೀನುಗಳಲ್ಲ. ನಮ್ಮ ಕಡೆ ಇರೋದು ಕಾಟ್ಲಾ, ರೋಹು, ಮೃಗಾಲ್, ಕೊರವ, ಬಾಳೆ ಮೀನು. ಇವು ನೀರಿನ ಯಾವ ಪದರದಲ್ಲಿ ಸಿಗ್ತವೆ ಅಂತ ಅವುಗಳ ಬಾಯೇ ಹೇಳುತ್ತದೆ.

ಬಾಯಿ ಮತ್ತು ಆಳ

ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿರುತ್ತದೆ. ಅದು ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ರೋಹು ನಡುವಿನ ಪದರದ್ದು. ಮೃಗಾಲ್‌ನ ಬಾಯಿ ಕೆಳಮುಖ. ತಳದ ಕೊಳೆತ ವಸ್ತುವೇ ಅದರ ಊಟ. ಹಾಗಾಗಿ ಬೆಂಡಿಗೂ ಕೊಕ್ಕೆಗೂ ನಡುವಿನ ದಾರದ ಉದ್ದವೇ ನಿಮ್ಮ ಮೊದಲ ಡಿಸೈನ್ ನಿರ್ಧಾರ. ಈ ಮೂರಕ್ಕೂ ಹಿಟ್ಟಿನ ಉಂಡೆ ಸಾಕು. ಕೊರವ ಮತ್ತು ಬಾಳೆ ಬೇಟೆಗಾರರು. ಅವಕ್ಕೆ ಎರೆಹುಳು ಅಥವಾ ಸಣ್ಣ ಮೀನು ಬೇಕು. ಬಾಸ್‌ನಂತೆ ಜೊಂಡಿನ ಮರೆಯಲ್ಲಿ ಹೊಂಚು ಹಾಕೋದು ಕೊರವ.

ಉಸಿರಿನ ಲೆಕ್ಕ

ಸಮುದ್ರಮಟ್ಟದ ಒತ್ತಡದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಸುಮಾರು 7.6ಕ್ಕೆ ಇಳಿಯುತ್ತದೆ. ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಬರೀ ಬಳಸುತ್ತದೆ. ಆದ್ದರಿಂದ ಪಾಚಿ ಕಟ್ಟಿದ ನೀರಲ್ಲಿ ಸೂರ್ಯ ಹುಟ್ಟೋ ಮುಂಚೆ ಆಮ್ಲಜನಕ ತೀರಾ ಕಡಿಮೆ. ಆಗ ಮೀನು ಸಾಲಾಗಿ ಮೇಲೆ ಬಂದು ಬಾಯಿ ತೆರೆದರೆ ಹಸಿವು ಅನ್ಕೋಬೇಡಿ, ಅದು ಉಸಿರಿನ ಒದ್ದಾಟ. ಬಿಸಿಲು ಬಿದ್ದು ಸ್ವಲ್ಪ ಹೊತ್ತಾಗಲಿ, ಆಮೇಲೆ ಗಾಳ ಹಾಕಿ. ಕೊರವ ಮಾತ್ರ ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು.

ಬಿಡೋದೋ, ಇಟ್ಕೊಳ್ಳೋದೋ?

ಕೊರವದ ಮರಿಗಳು ಗುಂಪಾಗಿ ಮೇಲೆ ತೇಲುವಾಗ ತಾಯಿ-ತಂದೆ ಕೆಳಗೆ ಕಾವಲಿರುತ್ತವೆ. ಅಲ್ಲಿ ಗಾಳ ಹಾಕಬೇಡಿ. ಒಂದು ಮೀನಿನ ಆಸೆಗೆ ಇಡೀ ಸಂಸಾರ ಹೋಗುತ್ತದೆ.

ಆಫ್ರಿಕನ್ ಕ್ಯಾಟ್‌ಫಿಶ್ ವಿಷಯ ಉಲ್ಟಾ. ಸಿಕ್ಕಿದ್ದನ್ನೆಲ್ಲ ನುಂಗುವ ಈ ಮೀನಿನ ಸಾಕಣೆ ಭಾರತದಲ್ಲಿ ನಿಷಿದ್ಧ. ಸಿಕ್ಕರೆ ಕನಿಕರ ತೋರಿ ನೀರಿಗೆ ಬಿಡಬೇಡಿ. ಯಾಕಂದ್ರೆ ನಮ್ಮ ನೀರೆಲ್ಲ ಒಂದಕ್ಕೊಂದು ಕೂಡಿಕೊಂಡಿದೆ: ಸೂಳೆಕೆರೆಯ ಹರಿದ್ರಾ ಹಳ್ಳ ಹರಿಹರದ ಬಳಿ ತುಂಗಭದ್ರೆಗೆ ಸೇರುತ್ತದೆ. ಆ ನದಿ ಹೊನ್ನಾಳಿ, ನ್ಯಾಮತಿ ಕಡೆಯಿಂದಲೇ ಬರುತ್ತದೆ. ಬರದ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಗೂ ಅದೇ ತುಂಗಭದ್ರೆಯ ನೀರು. ಒಂದು ಕಡೆ ಬಿಟ್ಟ ಮೀನು ಒಂದೇ ಕಡೆ ಉಳಿಯುತ್ತೆ ಅನ್ನೋ ಖಾತ್ರಿ ಇಲ್ಲ. ದೇಶಿ ಮಾಗೂರ್ ಕೂಡ ನೋಡಲು ಹಾಗೇ ಇರೋದರಿಂದ, ಅನುಮಾನ ಬಂದರೆ ಅಲ್ಲಿನ ಮೀನುಗಾರರಿಗೆ ತೋರಿಸಿ.

ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆ ಹಿಡಿದವರದ್ದು ಅಥವಾ ಮೀನುಗಾರರ ಸಹಕಾರ ಸಂಘದ್ದು. ಮರಿ ಬಿಟ್ಟು ಬೆಳೆಸಿದವರು ಅವರು. ನಮಗೆ ಅದು ಭಾನುವಾರದ ಮೋಜು, ಅವರಿಗೆ ಅನ್ನ. ಮೊದಲು ಅವರನ್ನ ಕೇಳಿ, ಆಮೇಲೆ ದಾರ ಬಿಚ್ಚಿ.