ಮಲೆನಾಡಿನ ಕೆರೆಗಳೂ ನೀರಿನ ಸರದಿಯೂ

ಸಾಗರದ ತಾಲ್ಲೂಕಿನ ಕಾರ್ಗಲ್ಲಿನ ಸಮೀಪದಲ್ಲಿ ಶರಾವತೀ ನದಿಗೆ ಅಡ್ಡಲಾಗಿ ಕಟ್ಟಲ್ಪಟ್ಟ ಲಿಂಗನಮಕ್ಕಿಯ ಅಣೆಕಟ್ಟು 1964ನೆಯ ಇಸವಿಯಲ್ಲಿ ಪೂರ್ಣವಾಯಿತು. ಅದರ ಪೂರ್ಣಮಟ್ಟವು ಸಮುದ್ರಮಟ್ಟಕ್ಕಿಂತ 1819 ಅಡಿ ಎತ್ತರ. ಅದು ಹಿಡಿಯುವ ನೀರು ಸುಮಾರು 151 ಟಿ.ಎಂ.ಸಿ. ಅಡಿ. ಇಷ್ಟು ನೀರು ಕಣ್ಣೆದುರಿಗೆ ನಿಂತಿದ್ದರೂ ಆಸುಪಾಸಿನ ಗ್ರಾಮಗಳ ಅಡಕೆ ತೋಟಗಳು ಏಪ್ರಿಲ್ ತಿಂಗಳಿನಲ್ಲಿ ಬಾಡುವುದನ್ನು ಕಂಡು ಹೊಸಬರು ಆಶ್ಚರ್ಯಪಡುವುದುಂಟು. ಆಶ್ಚರ್ಯಕ್ಕೆ ಕಾರಣವಿಲ್ಲ. ಆ ಜಲಾಶಯವು ವಿದ್ಯುಚ್ಛಕ್ತಿಗೋಸ್ಕರ ನಿರ್ಮಿತವಾದದ್ದು. ಅದರ ನೀರು ತಳಕಳಲೆಯ ಮಾರ್ಗವಾಗಿ ಕೊಳವೆಗಳಲ್ಲಿಳಿದು ಯಂತ್ರಗಳನ್ನು ತಿರುಗಿಸಿ ಗೇರುಸೊಪ್ಪೆಯ ಕಡೆಗೆ ಹೋಗುತ್ತದೆ. ಈ ಸೀಮೆಯ ಗದ್ದೆ ತೋಟಗಳಿಗೆ ಅದರಿಂದ ಕಾಲುವೆಗಳಿಲ್ಲ. ಆದಕಾರಣ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರೈತನಿಗೆ ಆಧಾರವಾಗಿರುವುದು ತನ್ನ ಗ್ರಾಮದ ಕೆರೆ, ತನ್ನ ಹಳ್ಳದ ಒಡ್ಡು, ತನ್ನ ಬಾವಿ, ಇಷ್ಟೆ.

ಮಳೆಯು ಸಾಲದೆ ಹೀಗಾಯಿತೆಂದು ಹೇಳುವಂತೆಯೂ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಆದರೆ ಅದರ ಬಹುಭಾಗವು ಜೂನ್ ಮೊದಲ್ಗೊಂಡು ಸೆಪ್ಟೆಂಬರಿನ ವರೆಗಿನ ನಾಲ್ಕು ತಿಂಗಳಲ್ಲಿಯೇ ಮುಗಿದುಹೋಗುವುದು. ಇಳಿಜಾರಾದ ನೆಲ, ನೀರನ್ನು ಬೇಗನೆ ಬಸಿದುಬಿಡುವ ಜಂಬಿಟ್ಟಿಗೆಯ ಮಣ್ಣು. ಡಿಸೆಂಬರಿನಿಂದ ಮೇ ವರೆಗೆ ಮಲೆನಾಡಿನ ತೋಟವು ಕೋಲಾರ, ಚಿತ್ರದುರ್ಗಗಳ ಹೊಲದಂತೆಯೇ ನೀರಿಗಾಗಿ ಬಾಯ್ದೆರೆದಿರುವುದು. ಭೇದವೇನೆಂದರೆ, ಬಯಲುಸೀಮೆಯವರು ಕಷ್ಟವನ್ನು ಬಹುಕಾಲದಿಂದ ಅನುಭವಿಸಿ ನೀರನ್ನು ಅಳೆದು ಹಂಚುವುದನ್ನು ಕಲಿತರು. ಮಲೆನಾಡಿನವರಿಗೆ ಅದನ್ನು ಕಲಿಯುವ ಅವಶ್ಯಕತೆ ಬೀಳಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟಾಗ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿ ಸೇರಿದುವು.

ಪೂರ್ವಿಕರು ಕೆರೆಯನ್ನು ಕಡೆಗಣಿಸಿದವರಲ್ಲ. ಸಾಗರ ಪಟ್ಟಣಕ್ಕೆ ಆ ಹೆಸರು ಬಂದದ್ದೇ ಕೆಳದಿಯ ಅರಸರ ಕಾಲದ ಸದಾಶಿವಸಾಗರವೆಂಬ ಕೆರೆಯಿಂದ ಎಂದು ಹೇಳುತ್ತಾರೆ. ಈಗ ಅದನ್ನು ಗಣಪತಿ ಕೆರೆಯೆಂದು ಕರೆಯುವರು. ಕಣಿವೆಯ ತಲೆಯಲ್ಲಿ ಕೆರೆ, ಅದರ ಕೆಳಗೆ ತೋಟ, ತೋಟದ ಕೆಳಗೆ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ: ಈ ಏರ್ಪಾಟಿಗಿಂತ ಉತ್ತಮವಾದುದನ್ನು ಇಂದಿಗೂ ಯಾರೂ ಸೂಚಿಸಿಲ್ಲ. ಹಾಗಾದರೆ ಕೆಟ್ಟದ್ದೆಲ್ಲಿ? ಹಿಂದೆ ಒಂದು ಕೆರೆಯ ಕೆಳಗಣ ಜಮೀನು ಬಹುಮಟ್ಟಿಗೆ ಒಬ್ಬಿಬ್ಬರು ಒಡೆಯರ ಕೈಯಲ್ಲಿದ್ದಿತು. ತೂಬನ್ನು ಎತ್ತುವುದೂ ಮುಚ್ಚುವುದೂ ಅವರ ಮಾತಿನಂತೆ ನಡೆಯುತ್ತಿದ್ದಿತು. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹವಾಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಇದು ನ್ಯಾಯವೇ. ಆದರೆ ಭೂಮಿಯನ್ನು ಹಂಚಿದ ಕಾನೂನು ತೂಬಿನ ಸರದಿಯನ್ನು ಹಂಚಿಕೊಡಲಿಲ್ಲ. ಅದಕ್ಕೆ ಮುಂಚೆಯೇ, 1961ರ ಕಾಯಿದೆಯಿಂದ ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳು ರದ್ದಾಗಿದ್ದುವು. ಪಟೇಲರ ಯಜಮಾನಿಕೆ ಹೋಯಿತು, ಕೆರೆಯ ಮೇಲೆ ಯಾರ ಕಣ್ಣೂ ಇಲ್ಲದಂತಾಯಿತು. ಒಬ್ಬ ಒಡೆಯನಿದ್ದಲ್ಲಿ ಇಪ್ಪತ್ತು ಮಂದಿ ಸಣ್ಣ ಹಿಡುವಳಿದಾರರಾದರು. ಏರಿಯ ಬುಡದವನು ಪಂಪನ್ನಿಟ್ಟು ನೀರೆತ್ತಿದನು, ಕೊನೆಯವನು ಕಾಲುವೆಯನ್ನು ನೋಡುತ್ತ ಕುಳಿತನು. 10 ಅಶ್ವಶಕ್ತಿಯ ವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿರುವುದರಿಂದ ಅದನ್ನು ನಿಲ್ಲಿಸುವ ಗೋಜಿಗೆ ಹೋಗುವವರೂ ಕಡಮೆ. ಶರಾವತಿಯ ನೀರು ವಿದ್ಯುತ್ತಾಗಿ ಹೊರಟು, ಆ ವಿದ್ಯುತ್ತು ಹಿಂದಿರುಗಿ ಬಂದು ಊರ ಕೆರೆಯನ್ನು ಬರಿದುಮಾಡುವುದು ವಿಚಿತ್ರವಲ್ಲವೆ?

ಕೆರೆಯಲ್ಲಿ ಎಷ್ಟು ನೀರಿದೆ, ಅದು ಯಾವುದಕ್ಕೆ ಸಾಕು ಎಂಬುದನ್ನು ಡಿಸೆಂಬರಿನ ಮೊದಲ ವಾರದಲ್ಲಿ ಲೆಕ್ಕಹಾಕತಕ್ಕದ್ದು. ಲೆಕ್ಕವು ಕಠಿನವಲ್ಲ. ಒಂದು ಎಕರೆ ವಿಸ್ತೀರ್ಣದಲ್ಲಿ 10 ಅಡಿ ಆಳದ ನೀರಿದ್ದರೆ ಅದು ಸುಮಾರು 1 ಕೋಟಿ 23 ಲಕ್ಷ ಲೀಟರು. ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಂತೆ ಆವಿಯಾಗುವುದೆಂದಿಟ್ಟುಕೊಂಡರೆ, ಮೇ ಕೊನೆಯ ಹೊತ್ತಿಗೆ 3 ಅಡಿ ನೀರು, ಎಂದರೆ 37 ಲಕ್ಷ ಲೀಟರು, ಆಕಾಶದ ಪಾಲು. ನೀರಿಳಿದಂತೆ ಮೇಲ್ಮೈ ಕಿರಿದಾಗುವುದರಿಂದ ಇದು ಸ್ವಲ್ಪ ಕಡಮೆಯಾದೀತು. ಆದರೂ ಎಚ್ಚರಿಕೆಗಾಗಿ ಪೂರ್ತಿಯಾಗಿಯೇ ಹಿಡಿಯುವುದು ಮೇಲು. ಇಂಗುವುದಕ್ಕೂ ದನಕರುಗಳಿಗೂ ಮತ್ತೆ 25 ಲಕ್ಷವನ್ನು ಬಿಟ್ಟರೆ, ಕೆರೆಯ ಎಕರೆಯೊಂದಕ್ಕೆ 60 ಲಕ್ಷ ಲೀಟರು ವ್ಯವಸಾಯಕ್ಕೆ ಉಳಿಯುತ್ತದೆ.

ಈಗ ಖರ್ಚಿನ ಕಡೆ. ಅಡಕೆ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರಿನಂತೆ, ಡಿಸೆಂಬರಿನಲ್ಲಿ ಏಳೆಂಟು ದಿನಗಳಿಗೊಮ್ಮೆ, ಜನವರಿ ಫೆಬ್ರವರಿಗಳಲ್ಲಿ ಆರು ದಿನಗಳಿಗೊಮ್ಮೆ, ಮಾರ್ಚಿಯಿಂದ ಮೇ ವರೆಗೆ ನಾಲ್ಕು ದಿನಗಳಿಗೊಮ್ಮೆ ನೀರು ಕೊಡಬೇಕೆಂಬುದು ಸಂಶೋಧನ ಕೇಂದ್ರಗಳವರ ಶಿಫಾರಸು. ಎಕರೆಗೆ 550 ಮರಗಳೆಂದು ಎಣಿಸಿ, 37 ಸಲದ ನೀರನ್ನು ಕೂಡಿದರೆ ಸುಮಾರು 36 ಲಕ್ಷ ಲೀಟರಾಗುತ್ತದೆ. ಕಾಲುವೆಯಲ್ಲಿ ಸೋರಿಹೋಗುವುದು ಇದಕ್ಕೆ ಹೊರತು. ಹನಿ ನೀರಾವರಿಯಲ್ಲಾದರೆ ಮರಕ್ಕೆ ದಿನವೊಂದಕ್ಕೆ 16ರಿಂದ 20 ಲೀಟರು ಸಾಕು. ಬೇಸಗೆಯ ಮೊತ್ತ ಸುಮಾರು 18 ಲಕ್ಷ. ಬೇಸಗೆಯ ಬತ್ತಕ್ಕೆ 4 ಅಡಿ ನೀರು ಬೇಕೆಂದರೆ ಎಕರೆಗೆ 49 ಲಕ್ಷ ಲೀಟರು! ಆ 60 ಲಕ್ಷದಲ್ಲಿ ಒಂದು ಎಕರೆ ಬೇಸಗೆ ಬತ್ತವನ್ನು ಬೆಳೆಯಹೊರಟರೆ ಉಳಿಯುವುದು ಮೂರನೆಯ ಒಂದು ಎಕರೆ ತೋಟಕ್ಕೂ ಸಾಲದು. ಬತ್ತವನ್ನು ಬಿಟ್ಟರೆ ಹನಿಯಲ್ಲಿ ಮೂರೆಕರೆಗೂ ಹೆಚ್ಚು ತೋಟವು ಬದುಕುವುದು. ಬತ್ತ ಹೋದರೆ ಒಂದು ವರ್ಷದ ಬೆಳೆ ಹೋಯಿತು, ಅಡಕೆ ಮರ ಸತ್ತರೆ ಹೊಸ ಸಸಿಯ ಫಲಕ್ಕೆ ಐದಾರು ವರ್ಷ ಕಾಯಬೇಕು. ನೀರು ಕಡಮೆಯಿರುವ ವರ್ಷ ಗದ್ದೆಯಲ್ಲಿ ಉಳಿದ ತೇವದ ಮೇಲೆ ಅಲಸಂದೆ, ಹೆಸರು, ಉದ್ದುಗಳನ್ನು ಬಿತ್ತುವುದು ಲೇಸು. ದ್ವಿದಳ ಧಾನ್ಯದಿಂದ ಮಣ್ಣಿಗೂ ಪುಷ್ಟಿ.

ಹೂಳಿನ ವಿಷಯವೂ ಇದೇ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಒಂದು ಎಕರೆ ಕೆರೆಯಲ್ಲಿ 2 ಅಡಿ ಹೂಳು ತುಂಬಿದ್ದರೆ 24 ಲಕ್ಷ ಲೀಟರಿಗೂ ಹೆಚ್ಚು ನೀರಿಗೆ ಜಾಗವಿಲ್ಲದಾಯಿತು. ಅದು ಒಂದು ಎಕರೆ ತೋಟವು ಬೇಸಗೆಯೆಲ್ಲ ಹನಿಯಲ್ಲಿ ಕುಡಿಯುವುದಕ್ಕಿಂತ ಅಧಿಕ. ತೋಟಕ್ಕೆ ಗುಡ್ಡವನ್ನು ಕಡಿದು ಕೆಮ್ಮಣ್ಣು ಹೊಡೆಯುವ ಬದಲು ಕೆರೆಯ ಗೋಡನ್ನು ಹೊಡೆದರೆ ಎರಡು ಕೆಲಸವಾಗುತ್ತದೆ. ಗುಡ್ಡ ಕಡಿದ ಮಣ್ಣಾದರೋ ಮುಂದಿನ ಮಳೆಗೆ ಕೆರೆಗೇ ಬಂದು ಸೇರುವುದು. ಆದರೆ ಏರಿಯ ಬುಡದಲ್ಲಿ ಆಳವಾಗಿ ಅಗೆಯಕೂಡದು. ಏರಿಯ ಮೇಲೆ ದೊಡ್ಡ ಮರಗಳು ಬೇರುಬಿಡಲು ಆಸ್ಪದವಿರಕೂಡದು, ಏಡಿ ಹೆಗ್ಗಣಗಳ ಬಿಲಗಳನ್ನು ಮಳೆಗಾಲಕ್ಕೆ ಮೊದಲೇ ಜೇಡಿಮಣ್ಣಿನಿಂದ ಗಟ್ಟಿಸಬೇಕು. ಹೆಚ್ಚು ನೀರು ನಿಲ್ಲಲೆಂದು ಕೋಡಿಗೆ ಹಲಗೆ, ಮರಳ ಚೀಲಗಳನ್ನಿಟ್ಟು ಎತ್ತರಿಸುವವರಿದ್ದಾರೆ. ಮಲೆನಾಡಿನ ಮಳೆಗೆ ಇದು ಸಲ್ಲದು. ಒಂದೇ ರಾತ್ರಿಯಲ್ಲಿ ನೀರು ಏರಿಯ ಮೇಲೆ ಹರಿದು ಕೆರೆಯೇ ಒಡೆದು ಕೆಳಗಣ ತೋಟವೆಲ್ಲ ಮರಳಾಗಬಹುದು.

ಇನ್ನು ಸರದಿಯ ಮಾತು. ಬಯಲುಸೀಮೆಯ ಗ್ರಾಮಗಳಲ್ಲಿ ಹನ್ನೆರಡು ಮಂದಿ ಆಯಗಾರರಲ್ಲಿ ನೀರಗಂಟಿಯೂ ಒಬ್ಬನಾಗಿದ್ದನು. ತೂಬನ್ನು ತೆಗೆಯುವುದೂ ಮುಚ್ಚುವುದೂ ಗದ್ದೆಗದ್ದೆಗೆ ನೀರು ತಿರುಗಿಸುವುದೂ ಅವನ ಕೈಯ ಕೆಲಸ. ರೈತನು ತಾನಾಗಿ ಮಡೆಯನ್ನು ಮುಟ್ಟುವಂತಿರಲಿಲ್ಲ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಆಯ ಸಲ್ಲುತ್ತಿದ್ದಿತು. ಆ ಕೆರೆಯ ಅಚ್ಚುಕಟ್ಟಿನಲ್ಲಿ ಸ್ವಂತ ಜಮೀನಿಲ್ಲದವನೇ ಈ ಕೆಲಸಕ್ಕೆ ತಕ್ಕವನು. ಪಕ್ಷಪಾತವೆಂಬ ಮಾತಿಗೆ ಅವಕಾಶವಿರುವುದಿಲ್ಲ.

ಉದಾಹರಣೆಗೆ, ಆರೆಕರೆ ಕೆರೆಯ ಕೆಳಗೆ 10 ಎಕರೆ ತೋಟವಿದೆಯೆಂದು ಭಾವಿಸೋಣ. ಜನವರಿ ಫೆಬ್ರವರಿಗಳಲ್ಲಿ ಸರದಿ ಆರು ದಿನದ್ದು. ತೂಬು ದಿನಕ್ಕೆ 12 ಗಂಟೆ ತೆರೆದಿದ್ದರೆ ಒಟ್ಟು 72 ಗಂಟೆ. ಅದರಲ್ಲಿ 12 ಗಂಟೆಯನ್ನು ಒಣಗಿದ ಕಾಲುವೆ ತೋಯುವುದಕ್ಕಾಗಿ ಕಳೆದರೆ 60 ಗಂಟೆ ಉಳಿದು, ಎಕರೆಗೆ 6 ಗಂಟೆಯಾಗುತ್ತದೆ. ಹತ್ತು ಗುಂಟೆಯವನಿಗೆ ಒಂದೂವರೆ ಗಂಟೆ. ಮಾರ್ಚಿಯಿಂದ ಸರದಿಯನ್ನು ನಾಲ್ಕು ದಿನಕ್ಕೆ ಇಳಿಸಿ ತೂಬನ್ನು ದಿನಕ್ಕೆ 18 ಗಂಟೆ ತೆರೆದರೆ ಮೊತ್ತವು 72 ಗಂಟೆಯೇ. ಯಾರ ಪಾಲಿನ ಹೊತ್ತೂ ಬದಲಾಗುವುದಿಲ್ಲ. ನೀರು ಬಿಡುವುದನ್ನು ಕೊನೆಯ ತೋಟದಿಂದ ಆರಂಭಿಸಿ ಏರಿಯ ಕಡೆಗೆ ಬರತಕ್ಕದ್ದು. ಕಾಲುವೆ ತೋಯುವ ಹನ್ನೆರಡು ಗಂಟೆಯು ಎಲ್ಲರ ಲೆಕ್ಕಕ್ಕೆ ಸೇರುವುದರಿಂದ ದೂರದವನಿಗೆ ನಷ್ಟವಿಲ್ಲ. ರಾತ್ರಿಯ ಪಾಳಿಯು ಪ್ರತಿ ಸುತ್ತಿನಲ್ಲಿಯೂ ಒಬ್ಬರಿಂದೊಬ್ಬರಿಗೆ ಹೋಗಬೇಕು. ಅನೇಕ ಕಡೆಗಳಲ್ಲಿ ಬಡವನಿಗೆ ಯಾವಾಗಲೂ ನಡುರಾತ್ರಿಯೇ ಬೀಳುವುದು ಕಂಡುಬಂದಿದೆ. ಹಾಗೆ ಮಾಡಿದ ಸರದಿ ಎರಡು ತಿಂಗಳೂ ನಡೆಯದು. ಪಂಪಿನಿಂದ ಕೆರೆಯ ನೀರನ್ನೆತ್ತುವವರ ಗಂಟೆಗಳೂ ಇದೇ ಪುಸ್ತಕದಲ್ಲಿ ದಾಖಲಾಗತಕ್ಕದ್ದು.

ಈ ಏರ್ಪಾಟಿಗೆ ಮೊದಲು ಒಪ್ಪಬೇಕಾದವರು ಏರಿಯ ಬುಡದಲ್ಲಿ ದೊಡ್ಡ ಹಿಡುವಳಿಯುಳ್ಳವರು. ಅವರು ತಮ್ಮ ಗಂಟೆಗಳಿಗೆ ಒಳಪಟ್ಟರೆ ಉಳಿದವರನ್ನು ಒಪ್ಪಿಸುವುದು ಕಷ್ಟವಲ್ಲ. ನವೆಂಬರಿನಲ್ಲಿ ಹಳ್ಳಗಳಿಗೆ ಒಡ್ಡು ಕಟ್ಟುವ ಸಮಯದಲ್ಲಿಯೇ ಗ್ರಾಮದ ಯಜಮಾನರು ಹಿಡುವಳಿದಾರರೆಲ್ಲರನ್ನೂ ಕೆರೆಯ ಏರಿಯ ಮೇಲೆ ಸೇರಿಸಿ, ಗುಂಟೆವಾರು ಪಟ್ಟಿಯನ್ನು ಬರೆದು, ನೀರಗಂಟಿಯನ್ನು ಗೊತ್ತುಮಾಡಿ, ಎಕರೆಗೆ ಇಷ್ಟೆಂದು ಅವನ ಸಂಬಳವನ್ನು ಮುಂಗಡವಾಗಿ ಎತ್ತತಕ್ಕದ್ದು. ತೂಬಿನ ಕಲ್ಲಿನ ಮೇಲೆ ಅಡಿಗಳ ಗೆರೆಗಳನ್ನು ಬಣ್ಣದಲ್ಲಿ ಎಳೆಯಿಸಿ, ಪ್ರತಿ ಸೋಮವಾರ ನೀರಿನ ಮಟ್ಟವನ್ನು ಎಲ್ಲರೂ ಕಾಣುವಂತೆ ಪಂಚಾಯ್ತಿಯ ಹಲಗೆಯಲ್ಲಿ ಬರೆಯಿಸುತ್ತಿದ್ದರೆ, ಫೆಬ್ರವರಿಯ ಹೊತ್ತಿಗೆ ಸರದಿಯನ್ನು ಬಿಗಿಮಾಡಬೇಕೇ ಇಲ್ಲವೇ ಎಂಬುದು ಆ ಗೆರೆಯಿಂದಲೇ ಗೊತ್ತಾಗುತ್ತದೆ.