ನೋಟಿನೊಳಗಿನ ‘ಚಿಪ್’: ವದಂತಿಯನ್ನು ಪರೀಕ್ಷಿಸುವ ಪಾಠ

ತರಗತಿ: 9. ವಿಷಯ: ಸಮಾಜ ವಿಜ್ಞಾನ. ಅವಧಿ: 40 ನಿಮಿಷ.
ಕಲಿಕೋಪಕರಣಗಳು: 500 ರೂಪಾಯಿಯ ನೋಟು, ಭೂತಗನ್ನಡಿ, ವದಂತಿಯ ಸಾರಾಂಶ ಬರೆದ ಚಾರ್ಟ್.

ಹಿನ್ನೆಲೆ
2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳ ರದ್ದತಿಯನ್ನು ಘೋಷಿಸಲಾಯಿತು. ಹೊಸ 2000 ರೂಪಾಯಿ ನೋಟಿನಲ್ಲಿ ‘ನ್ಯಾನೋ ಜಿಪಿಎಸ್ ಚಿಪ್’ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಹರಿದಾಡಿತು. ಕೆಲವು ಟಿ.ವಿ. ವಾಹಿನಿಗಳೂ ಅದನ್ನು ಬಿತ್ತರಿಸಿದವು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ನೋಟಿನ ಲಕ್ಷಣಗಳಲ್ಲಿ ಭದ್ರತಾ ಎಳೆ, ಜಲಚಿಹ್ನೆಗಳಿದ್ದವೇ ಹೊರತು ಚಿಪ್ ಇರಲಿಲ್ಲ.

ಕಲಿಕಾ ಉದ್ದೇಶಗಳು
ವಿದ್ಯಾರ್ಥಿಯು
1. ಹೇಳಿಕೆ ಮತ್ತು ಸಾಕ್ಷ್ಯಗಳ ವ್ಯತ್ಯಾಸವನ್ನು ಗುರುತಿಸುವನು.
2. ವದಂತಿ ಬೆಳೆಯುವಲ್ಲಿ ಮಾಧ್ಯಮದ ಪಾತ್ರವನ್ನು ವಿವರಿಸುವನು.
3. ನಿಜವಾದ ಸಂಚನ್ನೂ ಆಧಾರವಿಲ್ಲದ ಸಂಚಿನ ಕಥೆಯನ್ನೂ ಬೇರ್ಪಡಿಸುವನು.

ತೊಡಗಿಸಿಕೊಳ್ಳುವಿಕೆ (5 ನಿಮಿಷ)
ಚಾರ್ಟ್ ತೋರಿಸಿ, “ಇದನ್ನು ಪರೀಕ್ಷಿಸಲು ಏನೇನು ತಿಳಿದಿರಬೇಕು?” ಎಂದು ಕೇಳಿ. ಸರಿ, ತಪ್ಪು ಎಂಬ ತೀರ್ಪನ್ನು ನೀವು ಈಗಲೇ ಹೇಳಬೇಡಿ.

ಅನ್ವೇಷಣೆ (12 ನಿಮಿಷ)
ಗುಂಪುಗಳು ಭೂತಗನ್ನಡಿಯಿಂದ ನೋಟನ್ನು ನೋಡಿ ಕಂಡ ಲಕ್ಷಣಗಳನ್ನು ಪಟ್ಟಿ ಮಾಡಲಿ. ಬಳಿಕ ಈ ಮಾಹಿತಿ ನೀಡಿ: ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವು ಸಂಕೇತ ಕಳುಹಿಸುತ್ತವೆ. ಮೊಬೈಲ್ ಅದನ್ನು ಪಡೆದು ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ಆ ಸ್ಥಳವನ್ನು ಬೇರೆಯವರಿಗೆ ತಿಳಿಸಲು ಬ್ಯಾಟರಿಯೂ ಜಾಲವೂ ಬೇಕು. “ನೋಟಿನಲ್ಲಿ ಇವು ಎಲ್ಲಿವೆ?” ಎಂಬ ಪ್ರಶ್ನೆ ಮಕ್ಕಳಿಂದಲೇ ಬರಲಿ.

ವಿವರಣೆ (10 ನಿಮಿಷ)
ಜನ ಏಕೆ ನಂಬಿದರು? ಬ್ಯಾಂಕುಗಳ ಮುಂದೆ ಸಾಲುಗಟ್ಟಿದ್ದವರಿಗೆ ಕಾರಣ ಬೇಕಿತ್ತು. ಕಪ್ಪುಹಣ ಸಿಕ್ಕಿಬೀಳುತ್ತದೆ ಎಂಬ ಮಾತು ಅನೇಕರಿಗೆ ಹಿತವಾಗಿತ್ತು. ಭಯದಷ್ಟೇ ಆಸೆಯೂ ಮನುಷ್ಯನನ್ನು ನಂಬಿಸುತ್ತದೆ. ವಾಟ್ಸಾಪಿನಲ್ಲಿ ಓದಿದ್ದನ್ನೇ ಟಿ.ವಿ.ಯಲ್ಲಿ ಕಂಡಾಗ ಎರಡು ಸಾಕ್ಷ್ಯ ಸಿಕ್ಕಂತೆ ತೋರುತ್ತದೆ; ಮೂಲ ಒಂದೇ ಆಗಿದ್ದರೆ ಸಾಕ್ಷ್ಯವೂ ಒಂದೇ. ಈ ಅಂಶವನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ.

ವಿಸ್ತರಣೆ (8 ನಿಮಿಷ)
“ಹಾಗಾದರೆ ಸಂಚು ಎಂಬುದೇ ಇಲ್ಲವೇ ಸರ್?” ಎಂದು ಯಾರಾದರೂ ಕೇಳಬಹುದು. ಇದೆ. 1972ರಲ್ಲಿ ಅಮೆರಿಕದ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. ಪತ್ರಕರ್ತರ ವರದಿ, ಸೆನೆಟ್ ವಿಚಾರಣೆ ಮತ್ತು ಧ್ವನಿಮುದ್ರಿತ ಟೇಪುಗಳಿಂದ ಅದನ್ನು ಮುಚ್ಚಿಹಾಕುವ ಯತ್ನ ಬಯಲಾಗಿ, 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಅಲ್ಲಿ ಇತರರು ಪರಿಶೀಲಿಸಬಹುದಾದ ಸಾಕ್ಷ್ಯವಿತ್ತು. ಚಿಪ್ಪಿನ ಕಥೆಯಲ್ಲಿ ಅದಿರಲಿಲ್ಲ. ಮಾಧ್ಯಮ ಎರಡೂ ಕಡೆ ಇತ್ತು: ಒಂದು ಕಡೆ ಹುಡುಕಿತು, ಇನ್ನೊಂದು ಕಡೆ ಹಂಚಿತು.

ಮೌಲ್ಯಮಾಪನ (5 ನಿಮಿಷ)
ಹೊಸದೊಂದು ಸಂದೇಶ ಕೊಟ್ಟು ಮೂರು ಪ್ರಶ್ನೆ ಕೇಳಿ: ಮೊದಲು ಹೇಳಿದವರು ಯಾರು? ಅವರಿಗೆ ಹೇಗೆ ತಿಳಿಯಿತು? ಇದು ಸುಳ್ಳಾದರೆ ಅದನ್ನು ಕಂಡುಹಿಡಿಯುವುದು ಹೇಗೆ?

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ
ನಂಬಿದವರಲ್ಲಿ ಮಗುವಿನ ತಂದೆಯೋ ಅಜ್ಜಿಯೋ ಇರಬಹುದು. ತರಗತಿ ಅವರನ್ನು ನೋಡಿ ನಕ್ಕರೆ, ಮಗು ಮನೆಯ ಮಾನ ಉಳಿಸಲು ವದಂತಿಯ ಪರ ನಿಲ್ಲುತ್ತದೆ. “ಅಪ್ಪ, ಇದು ನಿಮಗೆ ಎಲ್ಲಿಂದ ಬಂತು?” ಎಂದು ಗೌರವದಿಂದ ಕೇಳುವುದನ್ನು ಅಭ್ಯಾಸ ಮಾಡಿಸಿ. ಟಿ.ವಿ.ಯನ್ನು ಬಿಟ್ಟು ಮೇಷ್ಟ್ರನ್ನು ನಂಬಿದ ಮಾತ್ರಕ್ಕೆ ಈ ಪಾಠ ಯಶಸ್ವಿಯಾಗದು. “ಅದು ನಿಮಗೆ ಹೇಗೆ ಗೊತ್ತು ಸರ್?” ಎಂದು ಮಗು ನಿಮ್ಮನ್ನೂ ಕೇಳಿದರೆ ವೀಕ್ಷಕರು ಅದನ್ನು ಪಾಠದ ಫಲಿತಾಂಶವೆಂದು ದಾಖಲಿಸಲಿ.